ಮಾಸೂರಿನ ಗೌಡರಿಗೆ ನೀಲತ್ತಿ ಊರು ತೋರಿಸಿದ್ದು

ಹೋದ ಚಳಿಗಾಲದಲ್ಲಿ ನಮ್ಮ ಓಣಿಯ ಹೆಂಗಸರೆಲ್ಲ ಕೂಡಿ ಮೈಸೂರು ನೋಡಲು ಹೋಗಿದ್ದೆವು. ಅರಮನೆಯ ಮುಂದೆ ಬಸ್ಸು ನಿಂತಿತು. ಕೊರಳಿಗೆ ಸೀಟಿ ಕಟ್ಟಿಕೊಂಡ ನಮ್ಮ ಗೈಡು, "ಅರ್ಧ ಗಂಟೆ ಟೈಮು. ಮೈಸೂರಿಗೆ ಬಂದವರು ತಪ್ಪದೆ ನೋಡಬೇಕಾದ್ದು ಇನ್ನೂ ಬೇಕಾದಷ್ಟಿದೆ, ಬೇಗ ಬೇಗ ನೋಡ್ಕೊಂಡು ಬನ್ನಿ" ಎಂದ. ನಾನು ಒಳಗೆ ಹೋದವಳು ಒಂದು ಕಂಬದ ಮುಂದೆ ನಿಂತೆ. ನಿಂತೇ ಇದ್ದೆ. ಸೀಟಿ ಕೇಳಿಸಿತು, ಆದರೂ ಕದಲಲಿಲ್ಲ. ಕೊನೆಗೆ ಗೈಡೇ ಬಂದು ಕರೆದೊಯ್ಯಬೇಕಾಯಿತು. ಬಸ್ಸಿನಲ್ಲಿ ಎಲ್ಲರೂ "ಏನೇನ್ ನೋಡಿದ್ರಿ ಅಜ್ಜೀ?" ಎಂದು ಕೇಳಿದರು. "ಒಂದು ಕಂಬ" ಎಂದೆ. ಬಸ್ಸೆಲ್ಲ ನಕ್ಕಿತು.

ನಗಲಿ. ನನಗೆ ಎಳ್ಳಷ್ಟೂ ನಾಚಿಕೆಯಾಗಲಿಲ್ಲ. ಊರು ನೋಡುವ ವಿದ್ಯೆ ನಾನು ಕಲಿತದ್ದು ನೀಲತ್ತಿಯ ಕೈಯಲ್ಲಿ. ಆಕೆಯ ಶಿಷ್ಯರು ಸೀಟಿಗೆ ಅಂಜುವವರಲ್ಲ.

ನೀಲತ್ತಿ ನನ್ನ ಅಪ್ಪನ ಅಕ್ಕ. ಮದುವೆಯಾಗಿ ವರ್ಷ ಕಳೆಯುವುದರೊಳಗೆ ಗಂಡನನ್ನು ಕಳಕೊಂಡು ಹಾನಗಲ್ಲಿಗೆ, ತವರುಮನೆಗೆ, ತಿರುಗಿ ಬಂದವಳು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಆಕೆಗೆ ನಲವತ್ತರ ಆಸುಪಾಸು. ಎತ್ತರದ ಆಳು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ನಮ್ಮ ಮನೆ ತಾರಕೇಶ್ವರ ಗುಡಿಗೆ ಹತ್ತಿರದ ಓಣಿಯಲ್ಲಿತ್ತು. ಅಪ್ಪನದು ಅಕ್ಕಿ ವ್ಯಾಪಾರವಾದ್ದರಿಂದ ಶಿಗ್ಗಾಂವಿ, ಹಾವೇರಿ, ಸವಣೂರು ಕಡೆಯ ಮಂದಿ ಬಂದು ಹೋಗಿ ಮಾಡುತ್ತಿದ್ದರು. ಬಂದವರು ವ್ಯಾಪಾರಕ್ಕೆ ಬಂದಿರಲಿ, ಕೋರ್ಟಿನ ತಾರೀಖಿಗೆ ಬಂದಿರಲಿ, ಹಾನಗಲ್ಲು ನೋಡದೆ ಹೋಗುವುದಕ್ಕೆ ನೀಲತ್ತಿ ಬಿಡುತ್ತಿರಲಿಲ್ಲ. "ಕೈಕಾಲ ತೊಳಕೋರಿ, ಎರಡ ರೊಟ್ಟಿ ತಿನ್ರಿ, ಊರ ನೋಡಿ ಬರೂಣು" ಎಂಬುದು ಆಕೆಯ ಸ್ವಾಗತ. ರೊಟ್ಟಿ ಯಾಕೆ ಮೊದಲು ಎಂದರೆ, "ಹಸಿದ ಕಣ್ಣಿಗೆ ದೇವರೂ ಬರೇ ಕಲ್ಲ ಕಾಣ್ತಾನು" ಎನ್ನುತ್ತಿದ್ದಳು.

ಆಕೆಯ ಹಾನಗಲ್ಲಿಗೆ ಆಕೆಯದೇ ಚರಿತ್ರೆ ಇತ್ತು. ಕದಂಬರು, ಚಾಲುಕ್ಯರು ಎಂಬ ಹೆಸರೆಲ್ಲ ಆಕೆಗೆ ಗೊತ್ತಿದ್ದರೂ ಅವರನ್ನು ಆಕೆ ಬಾಡಿಗೆದಾರರಂತೆ ಕಾಣುತ್ತಿದ್ದಳು. ಮನೆಯ ಖರೆ ಒಡೆಯ ವಿರಾಟರಾಜ. ಪಾಂಡವರು ವೇಷ ಮರೆಸಿಕೊಂಡು ಇದ್ದದ್ದು ಇಲ್ಲೇ, ಕುಂತಿಯ ದಿಬ್ಬ ಅದೇ, ಭೀಮ ಅಡಿಗೆ ಮಾಡಿದ ಒಲೆಯ ಗುಂಡು ಇದೇ. ಗುಂಡು ಮಾತ್ರ ವರ್ಷಕ್ಕೊಂದು ಕಡೆ ಇರುತ್ತಿತ್ತು. ಒಮ್ಮೆ ಸಾಲೆಯ ಮಾಸ್ತರೊಬ್ಬರು, "ಹಂಗಲ್ಲ ನೀಲವ್ವಾರ, ಪುಸ್ತಕದಾಗ ಬ್ಯಾರೆ ಬರದಾರ" ಎಂದು ತಿದ್ದಲು ಹೋದರು. "ನೀವು ಪುಸ್ತಕದಾಗ ಇರ್ತೀರಿ, ನಾ ಊರಾಗ ಇರ್ತೇನಿ" ಎಂದು ನೀಲತ್ತಿ ಮುಂದೆ ನಡೆದೇಬಿಟ್ಟಳು. ಮಾಸ್ತರು ಹಿಂದೆ ಬಂದರು. ಆಕೆ ಮುಂದೆ ನಡೆದರೆ ಹಿಂದೆ ಬರದೆ ಇರುವುದು ಕಷ್ಟ.

ಆಕೆಯ ದೊಡ್ಡ ನಿಯಮವೊಂದಿತ್ತು. ತಾರಕೇಶ್ವರ ಗುಡಿಯ ನಡುಮಂಟಪದ ಚಾವಣಿಯಿಂದ ಕಲ್ಲಿನ ಕಮಲವೊಂದು ಕೆಳಮುಖವಾಗಿ ತೂಗುತ್ತದೆ. ಸುತ್ತ ಬಳೆಬಳೆಯಾಗಿ ಕೆತ್ತನೆ, ಎಂಟು ದಿಕ್ಕಿಗೆ ಎಂಟು ದೇವತೆಗಳು. ಅದನ್ನು ನಿಂತು ನೋಡಕೂಡದು. ನೆಲದ ಮೇಲೆ ಅಂಗಾತ ಮಲಗಿಯೇ ನೋಡಬೇಕು. "ನಿಂತ ನೋಡಿದ್ರ ಕುತಿಗಿ ನೋವ ಕಾಣತೈತಿ, ಕಮಲ ಕಾಣೂದಿಲ್ಲ" ಎನ್ನುವಳು. ವಕೀಲರು ಮಲಗಿದರು, ಫೌಜದಾರರು ಮಲಗಿದರು. ಒಂದು ಸಲ ಬಿಳಿಯ ಸಾಹೇಬನೊಬ್ಬ ಬಂದಿದ್ದ. ಅಪ್ಪ ಅಂಜುತ್ತಂಜುತ್ತ ಅತ್ತಿಯ ಮಾತನ್ನು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಆತ ಟೊಪ್ಪಿಗೆಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಒರಗಿಬಿಟ್ಟ. ಜೊತೆಗೆ ಬಂದಿದ್ದ ಕಾರಕೂನರು ಮಾತ್ರ ಸಾಹೇಬರ ಮುಂದೆ ನಿಲ್ಲಬೇಕೋ ಮಲಗಬೇಕೋ ತಿಳಿಯದೆ, ಮೊಣಕಾಲು ಊರಿ ನಡುವೆ ಉಳಿದರು.

ಹೀಗಿರುವಾಗ ನನ್ನನ್ನು ನೋಡಲು ಮಾಸೂರಿನಿಂದ ಬೀಗರು ಬರುತ್ತಾರೆಂಬ ಸುದ್ದಿ ಬಂತು. ಯುದ್ಧದ ಕಾಲ. ಬಸ್ಸುಗಳು ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮರ್ಯಾದೆಯ ಮಾತು. ಏರು ಬಂದರೆ ಮಂದಿ ಇಳಿದು ನೂಕುತ್ತಿದ್ದರು. ಹಾಗೆ ನೂಕಿಕೊಂಡು ಬಂದವರು ಶಿವನಗೌಡರು ಮತ್ತು ಅವರ ಹೆಂಡತಿ ಪಾರ್ವತೆವ್ವ. ಹುಡುಗ ಬಂದಿರಲಿಲ್ಲ. ಆಗ ಹುಡುಗನನ್ನು ಹುಡುಗಿಗೆ ತೋರಿಸುವುದು ಅಷ್ಟೇನೂ ಜರೂರಿನ ಕೆಲಸವಾಗಿರಲಿಲ್ಲ.

ಆ ದಿನವೇ ಅಪ್ಪ ಮನೆಯಲ್ಲಿಲ್ಲ. ಶಿಗ್ಗಾಂವಿಗೆ ಅಕ್ಕಿ ಗಾಡಿ ಹೊಡಿಸಿಕೊಂಡು ಹೋದವನು ತಿರುಗಿ ಬಂದಿರಲಿಲ್ಲ. ಯಾವುದೋ ಗಾಡಿಯ ಅಚ್ಚು ಮುರಿದಿತ್ತಂತೆ. ಅವ್ವ ಮೊದಲೇ ಅಂಜುಬುರುಕಿ. ಗೌಡರ ಮುಂಡಾಸದ ಗಾತ್ರ ನೋಡಿಯೇ ಆಕೆ ಅಡಿಗೆಮನೆ ಸೇರಿದಳು. ಶಿವನಗೌಡರು ಬಾಗಿಲು ತುಂಬುವಂಥ ಆಳು. ಮಾತು ಕಡಿಮೆ, ಇದ್ದಷ್ಟೂ ಅಪ್ಪಣೆಯ ಧಾಟಿ. ಪಾರ್ವತೆವ್ವ ಅವರ ಹಿಂದೆ ನೆರಳಿನಂತೆ ಬಂದರು, ನೆರಳಿನಂತೆ ಕುಳಿತರು. ಇಳಕಲ್ ಸೀರೆಯುಡಿಸಿ, ಹೆರಳಿಗೆ ಹೂವಿನ ದಂಡೆ ಕಟ್ಟಿ ನನ್ನನ್ನು ಒಳಗಿನ ಕೋಣೆಯಲ್ಲಿ ಸಿದ್ಧವಾಗಿ ಕೂರಿಸಿದ್ದರು. ಕರೆಯುವುದೊಂದೇ ಬಾಕಿ.

ಕರೆ ಬಂತು. ಆದರೆ ನೀಲತ್ತಿಯ ಕರೆ. "ಗಂಗೀ, ಬಾ ಹೊರಗ. ಗೌಡ್ರಿಗೆ ಊರ ತೋರಸೂಣು. ಹಂಗ ಹುಡುಗಿ ನಡಿಯೂದೂ ನೋಡಿದಂಗಾತು."

"ಊರ ನೋಡಾಕ ಬಂದಿಲ್ರಿ ನಾವು" ಎಂದರು ಗೌಡರು.

"ಹುಡುಗಿ ಎಲ್ಲಿ ಓಡಿ ಹೋಕ್ಕಾಳ್ರಿ? ಬೆಳಕ ಇದ್ದಾಗ ಕಮಲ ನೋಡಬೇಕು. ನಡೀರಿ."

ಗೌಡರಿಗೆ ಹೀಗೆ "ನಡೀರಿ" ಎಂದವರು ಅಲ್ಲಿಯತನಕ ಯಾರೂ ಇರಲಿಲ್ಲವೆಂದು ತೋರುತ್ತದೆ. ಅಭ್ಯಾಸವಿಲ್ಲದ್ದರಿಂದ ಹೇಗೆ ಬೇಡವೆನ್ನಬೇಕೋ ತಿಳಿಯದೆ ಎದ್ದು ನಡೆದರು. ಮುಂದೆ ನೀಲತ್ತಿ, ಹಿಂದೆ ಗೌಡರು, ಅವರ ಹಿಂದೆ ಪಾರ್ವತೆವ್ವ, ಎಲ್ಲರ ಹಿಂದೆ ನಾನು. ಪೇಟೆಯ ಮಂದಿ ಎದ್ದು ನಿಂತು ನೋಡಿದರು. ವಧುಪರೀಕ್ಷೆಯ ಮೆರವಣಿಗೆಯನ್ನು ಹಾನಗಲ್ಲು ಅದಕ್ಕೂ ಮೊದಲು ಕಂಡಿರಲಿಲ್ಲ.

ಗುಡಿಯೊಳಗೆ ತಂಪು. ಕರಿಗಲ್ಲಿನ ಕಂಬಗಳು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ನೀಲತ್ತಿ ನಡುಮಂಟಪಕ್ಕೆ ಬಂದು ನೆಲ ತೋರಿಸಿದಳು. "ಮುಂಡಾಸ ತಗದ ಇಡ್ರಿ ಗೌಡ್ರ. ಅಂಗಾತ ಮಲಕೋರಿ."

"ಏನಂದ್ರಿ?"

"ಮಲಕೋರಿ. ಮ್ಯಾಲೆ ನೋಡ್ರಿ."

"ಮಾಸೂರ ಗೌಡ ಹಾನಗಲ್ಲಾಗ ನೆಲಕ್ಕ ಬಿದ್ದಿದ್ದ ಅಂತ ಮಂದಿ ಆಡಿಕೊಳ್ಳೂದ ಬ್ಯಾಡ. ನಿಂತ ನೋಡ್ತೇನಿ" ಎಂದ ಗೌಡರು ಕತ್ತು ಮೇಲೆತ್ತಿದರು. ಮುಂಡಾಸ ಹಿಂದಕ್ಕೆ ಜಾರಿತು. ಕೈಯಿಂದ ಹಿಡಿದುಕೊಂಡು, "ಹೂಂ. ಚಲೋ ಐತಿ. ನೋಡಿದಂಗಾತು" ಎಂದರು.

ಆಗ ನಡೆದದ್ದು ಯಾರೂ ನೆನೆಸದ ಸಂಗತಿ. ಪಾರ್ವತೆವ್ವ ಕೆಳಗೆ ಕುಳಿತರು, ಸೆರಗು ಸರಿಮಾಡಿಕೊಂಡರು, ಆ ತಣ್ಣನೆಯ ನೆಲದ ಮೇಲೆ ಅಂಗಾತ ಮಲಗಿದರು. ಗೌಡರು ಗಾಬರಿಯಾಗಿ ಆಚೀಚೆ ನೋಡಿದರು. ಪಾರ್ವತೆವ್ವನವರ ಕಣ್ಣು ಮೇಲೆಯೇ ಇತ್ತು. ಆಮೇಲೆ, "ಅಯ್ಯ ಶಿವನ... ಏನ್ರೀ, ಇಲ್ಲಿ ಬರ್ರಿ" ಎಂದರು.

"ಏನಾತು?"

"ಬರ್ರಿ ಅಂದ್ನೆಲ್ಲ! ತಿರಗಾಕತ್ತೈತಿ ಇದು."

ಗೌಡರು ಹೆಂಡತಿಯನ್ನು ನೋಡಿದರು. ನೀಲತ್ತಿಯನ್ನು ನೋಡಿದರು. ಮುಂಡಾಸ ತೆಗೆದು, ಹತ್ತಿರದಲ್ಲಿ ಬೇರೆ ಯಾರೂ ಇರದ್ದರಿಂದ, ನನ್ನ ಕೈಗೆ ಕೊಟ್ಟರು. ಮಲಗಿದರು. ಹೀಗೆ ನನ್ನನ್ನು ನೋಡಲು ಬಂದ ಬೀಗರಿಬ್ಬರೂ ನೆಲದ ಮೇಲೆ ಮಲಗಿ ಚಾವಣಿ ನೋಡುತ್ತಿದ್ದರೆ, ದಂಡೆ ಕಟ್ಟಿಕೊಂಡ ಕನ್ಯೆ ಮಾವನ ಮುಂಡಾಸ ಹೊತ್ತು ನಿಂತಿದ್ದಳು. ಮುಂಡಾಸ ಬಹಳ ಭಾರವಿತ್ತು. ಗೌಡಿಕೆಯ ಕಷ್ಟ ನನಗೆ ಆ ದಿನವೇ ಸ್ವಲ್ಪ ತಿಳಿಯಿತು.

"ಹೌದಲ್ಲ" ಎಂದರು ಗೌಡರು ಕೊನೆಗೆ. ದನಿ ಬೇರೆಯಾಗಿತ್ತು. "ತಿರಗತೈತಿ."

ಇಬ್ಬರೂ ಬಹಳ ಹೊತ್ತು ಹಾಗೇ ಇದ್ದರು. ನೀಲತ್ತಿ ಕಂಬಕ್ಕೆ ಒರಗಿ, ತಾನೇ ಕೆತ್ತಿದವಳ ಹಾಗೆ ನಿಂತಿದ್ದಳು. ಆಮೇಲೆ, "ಏಳ್ರಿ ಗೌಡ್ರ, ಇನ್ನೂ ನಮ್ಮೂರ ಆನಿಕೆರಿ ನೋಡೂದೈತಿ" ಎಂದಳು. ಪಾರ್ವತೆವ್ವ ಎದ್ದರು. ಗೌಡರು ಒಂದು ಕೈ ಊರಿದರು, ಮೈ ಎತ್ತಿದರು, "ಆ" ಎಂದರು, ಮತ್ತೆ ನೆಲ ಕಂಡರು.

"ಏಳಾಕ ಬರವಲ್ದು" ಎಂದರು ಮೆಲ್ಲಗೆ. ನಡ ಹಿಡಿದಿತ್ತು.

ಪೇಟೆಯಿಂದ ಹಗ್ಗದ ಹೊರಸು ತರಿಸಬೇಕಾಯಿತು. ಆರೇಳು ಮಂದಿ ಕೂಡಿ ಗೌಡರನ್ನು ಅದರ ಮೇಲೆ ಹಾಕಿಕೊಂಡು ಪೇಟೆಯ ನಡುವೆ ಹೊತ್ತು ತಂದರು. ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಕೂರಿಸಿ ಒಯ್ಯುತ್ತಾರೆ. ಆದ್ದರಿಂದ ಮಲಗಿ ಬರುತ್ತಿದ್ದ ಗೌಡರು ಜೀವಂತ ಇದ್ದಾರೆಂಬುದು ಎಲ್ಲರಿಗೂ ದೂರದಿಂದಲೇ ತಿಳಿಯಿತು. ಅದೊಂದೇ ಸಮಾಧಾನ. ಉಳಿದದ್ದೆಲ್ಲ ಅವರು ಅಂಜಿದ ಹಾಗೇ ಆಯಿತು. ಅಂಗಡಿಗೊಬ್ಬರು ನಿಲ್ಲಿಸಿ, "ಏನಾತ್ರಿ?" ಎಂದು ಕೇಳುವವರೇ. "ಕಮಲ ನೋಡಾಕ ಹೋಗಿದ್ರಿ" ಎಂದು ಹೊತ್ತವರು ಹೇಳುವವರೇ. ಗೌಡರು ಕಣ್ಣು ಮುಚ್ಚಿಕೊಂಡಿದ್ದರು.

ಪಡಸಾಲೆಯಲ್ಲಿ ಅವರನ್ನು ಮಲಗಿಸಿದ್ದಾಯಿತು. ಅವ್ವ ಇಟ್ಟಿಗೆ ಕಾಯಿಸಿ ಅರಿವೆ ಸುತ್ತಿ ಕೊಡುವುದು, ನಾನು ಒಯ್ದು ಪಾರ್ವತೆವ್ವನವರ ಕೈಗೆ ಕೊಡುವುದು. ದಂಡೆ ಯಾವಾಗ ಬಿಚ್ಚಿ ಬಿತ್ತೋ ಗೊತ್ತಿಲ್ಲ. ನನ್ನನ್ನು ನೋಡಲು ಬಂದವರು ನನ್ನನ್ನು ನೋಡಲೇ ಇಲ್ಲವಲ್ಲ ಎಂದು ಆ ಗಡಿಬಿಡಿಯಲ್ಲೂ ನನಗೆ ಸಿಟ್ಟು ಬಂದಿತ್ತು.

ಸುದ್ದಿ ಕೇಳಿ ನೆರೆಯ ಹೆಂಗಸರು ನೆರೆದರು. ಅವರಲ್ಲೊಬ್ಬಾಕೆ ಅವ್ವನ ಕಿವಿಯ ಹತ್ತಿರ, ಆದರೆ ಎಲ್ಲರಿಗೂ ಕೇಳುವ ಹಾಗೆ, ಅಂದಳು: "ಮುತ್ತೈದೇರ ಮಾಡೂ ಕೆಲಸಕ್ಕ ನೀಲವ್ವ ಮುಂದ ನಡದ್ರ ಇನ್ನೇನ ಆಕ್ಕೈತಿ? ಈ ಸಂಬಂಧ ಮುಗದಂಗ ತಿಳಿ."

ನೀಲತ್ತಿ ಆಗಷ್ಟೇ ಬಾವಿಯಿಂದ ನೀರು ತಂದು ಬಾಗಿಲಲ್ಲಿ ನಿಂತಿದ್ದಳು. ಕೇಳಿಸಿಕೊಂಡಳು. ಕೊಡ ಇಳಿಸಿ, ಅಡಿಗೆಮನೆಯೊಳಗೆ ಹೋಗಿ, ಒಲೆಯ ಮಗ್ಗುಲಲ್ಲಿ ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟಳು. ನಮ್ಮ ಮನೆಯಲ್ಲಿ ಅಂಥ ಶಾಂತಿ ಹಿಂದೆಂದೂ ಇರಲಿಲ್ಲ. ನನಗೆ ಅದು ಮನೆಯ ತೊಲೆ ಮುರಿದ ಹಾಗೆನಿಸಿತು.

ಮರುದಿನ ಸಂತೆ. ಸಂತೆಗೆ ಸವಣೂರಿನಿಂದ ಇಮಾಮಸಾಹೇಬರೆಂಬ ಹಕೀಮರು ಬಂದು ಗುಡಾರ ಹಾಕುತ್ತಿದ್ದರು. ಅವ್ವ ಹೇಳಿಕಳಿಸಿದಳು. ಬಿಳಿಗಡ್ಡದ, ಅತ್ತರಿನ ವಾಸನೆಯ, ಬಾಯಿಯಲ್ಲಿ ಸದಾ ಸವಣೂರಿನ ವೀಳ್ಯದೆಲೆ ಇಟ್ಟುಕೊಂಡ ಮನುಷ್ಯ. ಸವಣೂರು ಆಗ ನವಾಬರದು, ಹಾನಗಲ್ಲು ಇಂಗ್ಲಿಷರದು. ಹೀಗಾಗಿ ಸಾಹೇಬರು ಪ್ರತಿ ಸಂತೆಗೂ ಪರರಾಜ್ಯದಿಂದ ರಾಯಭಾರಿ ಬಂದ ಗತ್ತಿನಲ್ಲಿ ಬರುತ್ತಿದ್ದರು. ಗೌಡರನ್ನು ಬೋರಲು ಹಾಕಿ, ಎಣ್ಣೆ ಸುರಿದು, ಹೆಬ್ಬೆರಳು ಊರಿ, "ಕಮಲ ನೋಡಾಕ ಹೋಗಿ ಹಿಂಗಾತೇನ್ರಿ? ಅರೇ ಖುದಾ! ನೋಡೂದಿದ್ರ ನಮ್ಮ ಸವಣೂರಿಗೆ ಬಂದ ದೊಡ್ಡ ಹುಣಸೀ ಮರ ನೋಡಬೇಕ್ರಿ. ಹೆಸರ ಹುಣಸಿ, ಹುಣಸಿ ಅಲ್ಲ. ಆನಿ ಬಳಗ ಕುಂತಂಗ ಕಾಣ್ತಾವು. ಊರ ಮಂದಿ ಕೈ ಕೈ ಹಿಡದ ತಬ್ಬೇನಂದ್ರೂ ಸಾಲೂದಿಲ್ಲ" ಎಂದರು.

ಗೌಡರು ದಿಂಬಿನೊಳಗಿಂದಲೇ ಅಂದರು: "ಗಿಡದಾಗ ಏನೈತ್ರಿ? ನಮ್ಮ ಮದಗದ ಕೆರಿ ನೋಡೀರೇನು? ಎರಡ ಗುಡ್ಡದ ನಡುವ..."

ಹಕೀಮರ ಹೆಬ್ಬೆರಳು ಇಳಿಯಿತು. ಗೌಡರ ಮಾತು "ಅಯ್ಯಪ್ಪಾ" ಎಂದು ಮುಗಿಯಿತು. ಮತ್ತೆ ದಮ್ಮು ಹಿಡಿದು, "ಕೆರೀ ಅಲ್ಲದು, ಸಮುದ್ರ..." ಮತ್ತೆ ಹೆಬ್ಬೆರಳು. ಗೌಡರು ಕೆರೆಯನ್ನು ಹೊಗಳಿದಷ್ಟೂ ಚಿಕಿತ್ಸೆ ಜೋರಾಗುತ್ತ ಹೋಯಿತು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ.

ಹಕೀಮರು ಅಡಿಗೆಮನೆಯ ಕಡೆ ತಿರುಗಿ, "ನೀಲಕ್ಕಾರ, ನಿಮ್ಮೂರ ಕಮಲ ನೀವು ಹೇಳಿದಂಗ ಮಲಗೇ ನೋಡೇನಿ ನಾ. ನೀವು ನಮ್ಮೂರ ಮರ ಯಾವಾಗ ನೋಡ್ತೀರಿ? ಸವಣೂರ ಕಡೆ ಬಂದೇ ಇಲ್ಲೇನ್ರಿ?" ಎಂದು ಕೂಗಿದರು.

ಮರ್ಯಾದೆ ಕೆಡುತ್ತದಲ್ಲಾ ಎಂದು ಅತ್ತಿಯ ಬದಲು ನಾನೇ ಉತ್ತರ ಕೊಟ್ಟೆ. "ಅತ್ತಿ ಎಲ್ಲೂ ಹೋಗಿಲ್ರಿ."

ಅಂದ ಮೇಲೆ ಆ ಮಾತು ನನಗೇ ಹೊಸದಾಗಿ ಕೇಳಿಸಿತು. ಹೌದು, ಎಲ್ಲೂ ಹೋಗಿಲ್ಲ. ನಾನು ಕಂಡಾಗಿನಿಂದ ಆಕೆ ಯಾರ ಮದುವೆಗೂ ಹೋದದ್ದಿಲ್ಲ, ಸೀಮಂತ, ತೊಟ್ಟಿಲು ಯಾವುದಕ್ಕೂ ಇಲ್ಲ. ಬಂಕಾಪುರಕ್ಕಿಲ್ಲ, ಹಿರೇಕೆರೂರಿಗಿಲ್ಲ. ಲೋಕದಲ್ಲಿ ಹಾನಗಲ್ಲಿನಂಥ ಊರು ಇನ್ನೊಂದಿಲ್ಲ ಎಂದು ಎದೆತಟ್ಟಿ ಹೇಳುತ್ತಿದ್ದವಳು, ಒಂದು ವರ್ಷವೂ ಬಾಳದ ಗಂಡನ ಊರನ್ನು ಬಿಟ್ಟರೆ, ಇನ್ನೊಂದು ಊರನ್ನು ಕಂಡೇ ಇರಲಿಲ್ಲ.

ಆ ಮಧ್ಯಾಹ್ನ ನಾನು ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದೆ. ಪಾರ್ವತೆವ್ವ ಒಳಗೆ ಬಂದು ನೀಲತ್ತಿಯ ಪಕ್ಕದಲ್ಲಿ ಕುಳಿತರು.

"ನಾ ಮುಂದ ಬರಬಾರದಿತ್ರಿ" ಎಂದಳು ನೀಲತ್ತಿ, ತಿರುಗಿ ನೋಡದೆ. "ನನ್ನ ಕಾಲ್ಗುಣ. ಹುಡುಗೀದೇನೂ ತಪ್ಪಿಲ್ಲ. ಅದನ್ನ ಮನಸಿನಾಗ ಇಟಗೋಬ್ಯಾಡ್ರಿ."

"ಎಲ್ಲಿ ಕಾಲ್ಗುಣ ತಗದ್ರಿ ನೀಲಕ್ಕಾರ! ಅವರ ನಡಾ ಹೋದ ಸುಗ್ಗ್ಯಾಗೂ ಹಿಡದಿತ್ತು. ಆಗ ನೀವೆಲ್ಲಿದ್ರಿ?"

ನೀಲತ್ತಿ ತಿರುಗಿದಳು.

"ಒಂದ ಮಾತ ಹೇಳ್ಳೇನ್ರಿ?" ಪಾರ್ವತೆವ್ವನವರ ದನಿ ಇಳಿಯಿತು. "ಲಗ್ನ ಆದಾಗಿಂದ ಅವರು ಬಾ ಅಂದಾರ, ನಾ ಹೋಗೇನಿ. ನಾ ಬರ್ರಿ ಅಂದದ್ದು ನಿನ್ನೇನ ಮೊದಲ. ಬಂದ್ರು ನೋಡ್ರಿ. ಬರ್ತಾರಂತ ನನಗ ಗೊತ್ತ ಇರಲಿಲ್ಲ."

ನೀಲತ್ತಿ ಅವರ ಹತ್ತಿರ ಸರಿದು ಕುಳಿತಳು. ಆಮೇಲೆ ನಾನು ಅಲ್ಲಿರುವುದನ್ನೂ ಮರೆತು ಅಂದಳು: "ಮಂದಿ ಬಂದ್ರ ನನಗ ಪ್ಯಾಟಿ ಕಾಣತೈತ್ರಿ. ಕೆರಿ ದಂಡಿಗೆ ಹೋಗಿ ನಿಂದರಬಹುದು. ಬೀಗರಿಗೆ ತೋರಸಾಕತ್ತಾಳು ಅಂತ ಯಾರೂ ಏನೂ ಅನ್ನೂದಿಲ್ಲ. ಮಂದಿ ಬರಲಿಲ್ಲಂದ್ರ ಬಾವಿ, ಒಲಿ. ಅಷ್ಟ. ಅದಕ್ಕ ಬಂದವರನ್ನ ಬಿಡೂದಿಲ್ಲ ನಾ."

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಆಕೆ ಊರು ತೋರಿಸುವುದು ಗರ್ವದಿಂದ ಎಂದು ನಾವೆಲ್ಲ ತಿಳಿದಿದ್ದೆವು. ಗರ್ವವೂ ಇತ್ತು, ಇಲ್ಲವೆಂದರೆ ಆಕೆಯೇ ಒಪ್ಪಲಿಕ್ಕಿಲ್ಲ. ಆದರೆ ಬಂದವರು ಆಕೆಯ ಊರನ್ನು ನೋಡುವಾಗ ಆಕೆಯೂ ನೋಡುತ್ತಿದ್ದಳೆಂಬುದು ನನ್ನ ತಲೆಗೆ ಹೊಳೆದಿರಲಿಲ್ಲ.

ಸಂಜೆಗೆ ಅಪ್ಪ ಶಿಗ್ಗಾಂವಿಯಿಂದ ಬಂದ. ಪಡಸಾಲೆಯಲ್ಲಿ ಬೀಗರು ಎಣ್ಣೆಯಲ್ಲಿ ಮಿಂದು ಬೋರಲು ಮಲಗಿರುವುದನ್ನು ಕಂಡು ಬಾಗಿಲಲ್ಲೇ ನಿಂತ. ಅವ್ವ ನಡೆದದ್ದನ್ನೆಲ್ಲ ಹೇಳಿದಳು. ಅಪ್ಪ ತಲೆ ಮೇಲೆ ಕೈಯಿಟ್ಟುಕೊಂಡ.

ಹುಡುಗನ ಸುದ್ದಿಯೇ ಇಲ್ಲವಲ್ಲ ಎಂದು ನೀವು ಕೇಳಬಹುದು. ಬಂದ. ತನ್ನ ಅಪ್ಪನ ನಡ ಹಿಡಿದ ಸುದ್ದಿ ತಲುಪಿ, ಎರಡು ದಿನದ ಮೇಲೆ ಕಮಾನು ಗಾಡಿ ಹೂಡಿಕೊಂಡು ಬಂದ. ಬಂದವನು ಅಂಗಳದಲ್ಲಿ ನನ್ನನ್ನೇ ನಿಲ್ಲಿಸಿ, "ಎತ್ತಿಗೆ ನೀರ ಎಲ್ಲಿ ಸಿಗತೈತ್ರಿ?" ಎಂದು ಕೇಳಿದ. ಹಗೇವಿನ ಕಡೆ ಕೈ ತೋರಿಸಿದೆ. ಅಲ್ಲಿ ಜೋಳ ಇರುತ್ತದೆ, ನೀರು ಇರುವುದಿಲ್ಲ. ಆತ ನನ್ನ ಮುಖ ನೋಡಿ ನಕ್ಕ, ನಾನೂ ನಕ್ಕೆ. ಹುಡುಗ ಹುಡುಗಿಯನ್ನು ನೋಡುವ ಶಾಸ್ತ್ರ ಹೀಗೆ ಮುಗಿಯಿತು. ಅದರಲ್ಲೇನೂ ಕೊರತೆಯಾಗಲಿಲ್ಲವೆಂದು ಮುಂದೆ ಸಂಸಾರ ಮಾಡಿದ ನಾನು ಹೇಳಬಲ್ಲೆ.

ಹೊರಡುವ ಮೊದಲು ಗೌಡರು ಗೋಡೆಗೆ ಒರಗಿ ಕುಳಿತು ಅಪ್ಪನನ್ನು ಕರೆದರು. ನಾವು ಹೆಂಗಸರು ಬಾಗಿಲ ಮರೆಯಲ್ಲಿ ನಿಂತೆವು. ಅವ್ವನ ತುಟಿ ಶಿವಶಿವ ಅನ್ನುತ್ತಿತ್ತು. ನೀಲತ್ತಿ ಎಲ್ಲರಿಗಿಂತ ಹಿಂದೆ, ಒಲೆಯ ಹತ್ತಿರವೇ ಇದ್ದಳು.

"ಹುಡುಗಿ ನಮಗ ಒಪ್ಪಿಗಿ ಐತಿ" ಎಂದರು ಗೌಡರು. "ಮುಂಡಾಸ ಹಿಡಕೊಂಡ ನಿಂತದ್ದು ನೋಡಿದೆ. ಕೆಳಗ ಇಡಲಿಲ್ಲ. ನೀವು ಮಾಸೂರಿಗೆ ಮನಿ ನೋಡಾಕ ಬರ್ರಿ."

ಅಪ್ಪ ಕೈ ಮುಗಿಯುವಷ್ಟರಲ್ಲಿ ಪಾರ್ವತೆವ್ವ ಬಾಗಿಲ ಮರೆಯಿಂದ ಹೊರಗೆ ಬಂದು ನಿಂತರು. "ನೀಲಕ್ಕಾರು ಬರಬೇಕ್ರಿ. ಎಲ್ಲಾರಿಗಿಂತ ಮುಂದ ಅವರ ಬರಬೇಕು. ಹುಡುಗೀನೂ ಕರಕೊಂಡ ಬರ್ರಿ. ಇರೂ ಮನಿ ಇರಾಕಿ ನೋಡಲಿ."

ಅಪ್ಪ ತಡವರಿಸಿದ. "ಅಕ್ಕ ಇಂಥಾ ಕಾರ್ಯಕ್ಕ ಬರೂದಿಲ್ರಿ. ನಮಗೇನಿಲ್ಲ, ಮಂದಿ ಏನರ..."

ಗೌಡರು ನಡ ನೀವಿಕೊಂಡರು. "ಮಂದಿ ನನ್ನ ಹೊರಸಿನ ಮ್ಯಾಲೆ ನೋಡ್ಯಾರ. ಇನ್ನ ಅವರಿಗೆ ಅಂಜಿ ಮುಚ್ಚಿಡೂದು ಏನ ಉಳದೈತ್ರಿ? ಕರಕೊಂಡ ಬರ್ರಿ."

ಅಪ್ಪ ಅಡಿಗೆಮನೆಯ ಕಡೆ ನೋಡಿದ. ಬರುವುದಿಲ್ಲ ಎನ್ನುತ್ತಾಳೆ, ಅತ್ತು ಕರೆದು ಒಪ್ಪಿಸಬೇಕು ಎಂದು ನಾನು ಮನಸ್ಸಿನಲ್ಲೇ ಸೊಂಟ ಕಟ್ಟುತ್ತಿದ್ದೆ. ಅಷ್ಟರಲ್ಲಿ ಒಲೆಯ ಕಡೆಯಿಂದ ನೀಲತ್ತಿಯ ದನಿ ಬಂತು.

"ಆ ಕೆರಿ ಖರೇನ ಅಷ್ಟ ದೊಡ್ಡದ ಐತೇನ್ರಿ?"

ಮುಂದೆ ನೀಲತ್ತಿ ಎಲ್ಲೆಲ್ಲಿಗೆ ಹೋದಳೆಂದು ಹೇಳಲು ಕುಳಿತರೆ ಅದೇ ಒಂದು ಪುರಾಣ. ಸವಣೂರಿಗೆ ಹೋದಳು, ಹಕೀಮರ ಮನೆಯ ಹೆಂಗಸರನ್ನು ಜೊತೆಗೆ ಕರೆದುಕೊಂಡು ಆ ಮರಗಳನ್ನು ಸುತ್ತಿದಳು. ಅವರೂ ಊರಲ್ಲೇ ಇದ್ದು ಅವನ್ನು ಹತ್ತಿರದಿಂದ ನೋಡಿರಲಿಲ್ಲವಂತೆ. ಬಂಕಾಪುರದ ಅರವತ್ತು ಕಂಬದ ಗುಡಿಗೆ ಹೋಗಿ, ಒಂದೊಂದು ಕಂಬವನ್ನೂ ಮುಟ್ಟಿ ಬಂದಳು. ಆಡಿಕೊಳ್ಳುವವರು ಆಡಿಕೊಂಡರು. ಆದರೆ ಎಷ್ಟಂತ ಆಡಿಕೊಂಡಾರು? ಒಂದೆರಡು ವರ್ಷದಲ್ಲಿ ಅವರೇ ಬಂದು, "ನೀಲವ್ವಾರ, ಮುಂದಿನ ಸಲ ಹೊಂಟಾಗ ನಮಗೂ ಹೇಳ್ರಿ" ಎಂದು ಕೇಳತೊಡಗಿದರು. ಇವೆಲ್ಲಕ್ಕೂ ಮೊದಲಿನದು ಮದಗದ ಪಯಣ. ಅದನ್ನು ಹೇಳಿ ಮುಗಿಸುತ್ತೇನೆ.

ನಸುಕಿನಲ್ಲಿ ಗಾಡಿ ಹೂಡಿದೆವು. ನೀಲತ್ತಿ ಒಳಗೆ ಕೂರಲಿಲ್ಲ. ಗಾಡಿ ಹೊಡೆಯುವವನ ಹಿಂದೆಯೇ, ಹಾದಿ ಕಾಣುವಲ್ಲಿ ಕುಳಿತಳು. ಹಾನಗಲ್ಲಿನ ಗಡಿ ದಾಟಿದ ಮೇಲೆ ಆಕೆಗೆ ಪ್ರತಿಯೊಂದೂ ಸುದ್ದಿಯೇ. ಹಂಸಭಾವಿಯಲ್ಲಿ ಎತ್ತು ಬಿಚ್ಚಿ ಬುತ್ತಿ ಉಂಡೆವು. ಬಾವಿಯ ಹತ್ತಿರ ನೀರು ಸೇದುತ್ತಿದ್ದ ಹೆಂಗಸನ್ನು ನೀಲತ್ತಿ, "ತಂಗೀ, ನಿಮ್ಮೂರಾಗ ನೋಡೂವಂಥಾದ್ದು ಏನೈತಿ?" ಎಂದು ಕೇಳಿದಳು. "ಇಲ್ಲೇನೈತ್ರಿ ಯವ್ವಾ ನೋಡಾಕ" ಎಂದಳಾಕೆ. ಗಾಡಿ ಹೊರಟ ಮೇಲೆ ಬಹಳ ದೂರದ ತನಕ ನೀಲತ್ತಿ ಗೊಣಗಿದಳು. "ಏನೂ ಇಲ್ಲಂತ! ಇದ್ದಾಕಿಗೇ ಗೊತ್ತಿಲ್ಲಂದ್ರ ಬಂದವರು ಯಾರನ್ನ ಕೇಳಬೇಕು?"

ಮಾಸೂರಿನಲ್ಲಿ ಮನೆ ನೋಡಿದ್ದು ಒಂದು ಗಳಿಗೆಯ ಕೆಲಸ. ಕಂಬ, ಕಣಜ, ಕೊಟ್ಟಿಗೆ ಎಲ್ಲ ಚೆನ್ನಾಗಿದ್ದವು. ಮರುದಿನ ಬೆಳಿಗ್ಗೆ ಎಲ್ಲರೂ ಮದಗಕ್ಕೆ ಹೋದೆವು. ಗೌಡರು ಏರಿಯ ಮೇಲೆ ನಿಂತು ಕೋಲಿನಿಂದ ತೋರಿಸಿದರು. "ಇದ ಕೆರಿ. ಅತ್ತಾಗ ಗುಡ್ಡ, ಇತ್ತಾಗ ಗುಡ್ಡ. ನಡುವ ಕಟ್ಟ್ಯಾರ. ಆತು. ನಡೀರಿ, ಊಟಕ್ಕ ಹೊತ್ತಾತು."

ನೀಲತ್ತಿ ಕದಲಲಿಲ್ಲ. ಎರಡು ಗುಡ್ಡಗಳ ನಡುವೆ ನೀರು ನಿಂತಿತ್ತು. ನೀರಿನ ಆಚೆಯ ದಂಡೆ ಎಲ್ಲಿದೆಯೆಂದು ಕಣ್ಣಿಗೆ ಹತ್ತಲಿಲ್ಲ. ಗಾಳಿಗೆ ಬಿಸಿಲು ಸಣ್ಣಸಣ್ಣದಾಗಿ ಒಡೆಯುತ್ತಿತ್ತು.

"ಹಿಂಗ ತೋರಸ್ತಾರೇನ್ರಿ ಗೌಡ್ರ?" ಎಂದಳು ಆಮೇಲೆ. "ಯಾರ ಕಟ್ಟಿಸಿದ್ರು? ಈ ಕಲ್ಲ ಎಲ್ಲಿಂದ ತಂದ್ರು? ಮೊದಲ ನೀರ ಯಾರ ಹೊಲಕ್ಕ ಹೋಕ್ಕೈತಿ?"

ಗೌಡರಿಗೆ ಕೊನೆಯದೊಂದಕ್ಕೆ ಮಾತ್ರ ಉತ್ತರ ಗೊತ್ತಿತ್ತು. ಉಳಿದದ್ದಕ್ಕೆ ನೀಲತ್ತಿ ತೂಬಿನ ಕಾವಲುಗಾರನನ್ನು ಕೇಳಿದಳು, ಮೀನು ಹಿಡಿಯುವವರನ್ನು ಕೇಳಿದಳು. ಅವರಿಗೂ ಗೊತ್ತಿಲ್ಲದ್ದನ್ನು ಹೇಗೋ ತಾನೇ ತಿಳಿದುಕೊಂಡಳು. ಊಟದ ಹೊತ್ತು ಮೀರಿತು. ಅಷ್ಟರಲ್ಲಿ ನೆಂಟರು ನಾಲ್ಕು ಮಂದಿ ಬಂದು ಸೇರಿದರು. ನೋಡುತ್ತೇನೆ, ನೀಲತ್ತಿ ಏರಿಯ ಮೇಲೆ ಮುಂದೆ ಮುಂದೆ ನಡೆಯುತ್ತಿದ್ದಾಳೆ, ಮಾಸೂರಿನ ಮಂದಿ ಹಿಂದೆ ಬರುತ್ತಿದ್ದಾರೆ. "ಇಲ್ಲಿ ನಿಂದರ್ರಿ. ಅಲ್ಲಿಂದಲ್ಲ, ಇಲ್ಲಿಂದ ನೋಡ್ರಿ. ಈಗ ಕಾಣತೈತಿ" ಎನ್ನುತ್ತಿದ್ದಾಳೆ. ಹುಟ್ಟಿದಾಗಿನಿಂದ ಆ ನೀರು ಕುಡಿದ ಗೌಡರು ಆಕೆ ಹೇಳಿದ ಕಲ್ಲಿನ ಮೇಲೆ ನಿಂತು, ಆಕೆ ಹೇಳಿದ ಕಡೆ ನೋಡಿ, "ಹೌದಲ್ಲ" ಎಂದರು.

ಅಪ್ಪ ಒಬ್ಬನೇ ಮುಜುಗರದಿಂದ ಹಿಂದೆ ಉಳಿದಿದ್ದ. ನೀಲತ್ತಿ ತಿರುಗಿ ಅವನ ಹತ್ತಿರ ಬಂದಳು.

"ನಮ್ಮ ಆನಿಕೆರಿ ಸಣ್ಣದೈತೆಪಾ" ಎಂದಳು.

ಹಾನಗಲ್ಲಿನ ಯಾವುದನ್ನೇ ಆಗಲಿ ಆಕೆ ಸಣ್ಣದೆಂದದ್ದು ಅದೇ ಮೊದಲು. ಅಪ್ಪ ಗಾಬರಿಯಿಂದ ಆಕೆಯ ಮುಖ ನೋಡಿದ. ನಾನೂ ನೋಡಿದೆ. ದುಃಖವಿರಲಿಲ್ಲ. ಹೊಸ ಸೀರೆಯ ಮಡಿಕೆ ಬಿಚ್ಚುವಾಗ ಹೆಂಗಸರ ಮುಖದಲ್ಲಿ ಇರುತ್ತದಲ್ಲ, ಆ ಕಳೆ ಇತ್ತು.

"ಗೌಡ್ರ, ಈ ನೀರು ಎಲ್ಲಿಗೆ ಹೋಕ್ಕೈತ್ರಿ?" ಎಂದು ಕೇಳಿದಳು.

"ಕುಮುದ್ವತಿ ಹೊಳಿ ಆಗಿ ರಟ್ಟೀಹಳ್ಳಿ ಮ್ಯಾಲೆ ಹಾದು ತುಂಗಭದ್ರಾಕ್ಕ ಕೂಡತೈತ್ರಿ."

"ಎರಡೂ ಕೂಡೂದು ಇಲ್ಲಿಂದ ಕಾಣತೈತೇನ್ರಿ?"

"ಇಲ್ಲಿಂದ ಎಲ್ಲಿ ಕಾಣಬೇಕ್ರಿ? ಅದು ದೂರ. ಗಾಡಿ ಮ್ಯಾಲೆ ಹೋದ್ರ ಹಗಲ ಪೂರಾ ಬೇಕು."

ನೀಲತ್ತಿ ನೀರು ಹರಿದು ಹೋಗುವ ದಿಕ್ಕಿಗೆ ಕಣ್ಣು ಹಾಯಿಸಿದಳು. ಅಪ್ಪನಿಗೆ ಅಂಗಡಿ ಕಾಯುತ್ತಿತ್ತು. ಆ ದಿನವೇ ಊರಿಗೆ ಹೊರಡಬೇಕೆಂದು ಬೆಳಿಗ್ಗೆಯಿಂದ ಹೇಳುತ್ತಿದ್ದ. ಆಕೆ ಅವನ ಕಡೆ ನೋಡಲೂ ಇಲ್ಲ.

"ನಾಳೆ ಎತ್ತ ಖಾಲಿ ಅದಾವೇನ್ರಿ ಗೌಡ್ರ?"

ಗೌಡರು ಏನು ಹೇಳಬೇಕೆಂದು ಹೆಂಡತಿಯ ಕಡೆ ತಿರುಗಿದರು. ಪಾರ್ವತೆವ್ವ ಅಲ್ಲಿರಲಿಲ್ಲ. ಎಷ್ಟು ಮಂದಿಗೆ ಬುತ್ತಿ ಕಟ್ಟಬೇಕೆಂದು ಬೆರಳು ಮಡಿಸಿ ಎಣಿಸುತ್ತ, ಏರಿಯಿಂದ ಇಳಿದು ಗಾಡಿಯ ಕಡೆ ಹೊರಟಾಗಿತ್ತು.